ಫಾರ್ಮ್ಯಾಟ್ ಹೊಡೆಸುವ ಮುನ್ನ

ಕಂಪ್ಯೂಟರಿಗೆ ಹೊಸ ವಿಂಡೋಸ್ ಬಂದು ಕೂತ ಮರುದಿನವೇ ದೂರು ಶುರುವಾಗುತ್ತದೆ. ವರ್ಡ್ ತೆರೆಯಲು ಎರಡು ನಿಮಿಷ ಬೇಕು, ಬ್ರೌಸರ್ ಒತ್ತಿದರೆ ಪರದೆ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತದೆ, ಪ್ರಿಂಟ್ ಕೊಟ್ಟರೆ ಚಕ್ರ ತಿರುಗುತ್ತಲೇ ಇರುತ್ತದೆ. ಪೇಟೆಯ ಮನೆಯಲ್ಲಾದರೆ ಇದು ಒಬ್ಬರ ಬೇಸರ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಿನಲ್ಲಿ ಹಾಗಲ್ಲ. ಉತಾರ, ಜಾತಿ-ಆದಾಯದ ಪ್ರಮಾಣಪತ್ರ, ಬೆಳೆ ವಿಮೆಯ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಹಾಯಬೇಕಾದ್ದು ಹಳ್ಳಿಯ ಒಂದೆರಡು ಕಂಪ್ಯೂಟರುಗಳ ಮೂಲಕವೇ. ವಿಮೆ ಕಟ್ಟಲು ಕೊನೆಯ ದಿನ, ಹೊರಗೆ ಸೋಯಾ, ಗೋವಿನಜೋಳ ಬಿತ್ತಿದವರ ಸಾಲು, ಒಳಗೆ ‘ಹ್ಯಾಂಗ್ ಆಗೇದ’ ಎಂಬ ಮಾತು. ಆಗ ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಹೊಡಸ್ರಿ, ಎಲ್ಲಾ ಸರಿ ಹೋಗ್ತದ.’ ಈ ಸಲಹೆ ಸೋಮಾರಿತನದ್ದೆಂದು ನಾನು ಹೇಳುವುದಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಅದು ಮೊದಲ ಸಲಹೆಯಾಗಬಾರದು. ಯಂತ್ರ ನಿಧಾನವಾದದ್ದು ಯಾಕೆ ಎಂಬುದಕ್ಕೆ ಸಾಕ್ಷಿ ಆ ಯಂತ್ರದೊಳಗೇ ಇರುತ್ತದೆ. ಫಾರ್ಮ್ಯಾಟ್ ಮೊದಲು ಅಳಿಸುವುದು ಆ ಸಾಕ್ಷಿಯನ್ನೇ.

ಈ ವಿಷಯವನ್ನು ಈಗ ಚರ್ಚಿಸಲು ತಕ್ಷಣದ ಕಾರಣವೂ ಇದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ ಸುರಕ್ಷತೆಯ ತೇಪೆಗಳನ್ನು ಆ ದಿನದಿಂದ ಇನ್ನೊಂದು ವರ್ಷಕ್ಕಷ್ಟೇ ವಿಸ್ತರಿಸಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಬಹುಪಾಲು ಎಂಟನೇ ತಲೆಮಾರಿನದೋ ಅದರಿಂದೀಚಿನದೋ ಆಗಿರಬೇಕು, ಅಂದರೆ 2017ರ ಕೊನೆಯ ಭಾಗದಿಂದ ಈಚೆಗೆ ಬಂದದ್ದು. ಹಳ್ಳಿಯ ಕಚೇರಿ, ಶಾಲೆ, ಝೆರಾಕ್ಸ್ ಅಂಗಡಿಗಳಲ್ಲಿ ದುಡಿಯುತ್ತಿರುವ ಎಷ್ಟೋ ಯಂತ್ರಗಳು ಈ ಗೆರೆಯ ಮೇಲೋ ಕೆಳಗೋ ನಿಂತಿವೆ. ಕೆಲವನ್ನು ನಿಯಮದಂತೆ ಮೇಲೇರಿಸುತ್ತಾರೆ, ಕೆಲವಕ್ಕೆ ತಪಾಸಣೆಯನ್ನೇ ತಪ್ಪಿಸಿ ಹೊಸದನ್ನು ತುರುಕುತ್ತಾರೆ. ಎರಡೂ ಕಡೆ ಮುಂದೆ ಕೇಳಿಬರುವುದು ಅದೇ ದೂರು, ಅದೇ ಮದ್ದು.

ಮೊದಲು ‘ಹ್ಯಾಂಗ್’ ಅಂದರೇನು ಎಂದು ಬಿಡಿಸಿ ನೋಡೋಣ. ತಂತ್ರಾಂಶವೊಂದು ಸಿಕ್ಕಿಕೊಂಡಿದೆಯೋ ಬರೀ ಕಾಯುತ್ತಿದೆಯೋ ಎಂದು ವಿಂಡೋಸ್‌ಗೆ ಖಚಿತವಾಗಿ ಗೊತ್ತಾಗುವ ದಾರಿಯಿಲ್ಲ. ಕೀಲಿ ಒತ್ತಿದ್ದು, ಮೌಸ್ ಆಡಿಸಿದ್ದು, ಹೀಗೆ ತಾನು ಕಳಿಸಿದ ಸುದ್ದಿಯನ್ನು ಆ ತಂತ್ರಾಂಶ ಐದು ಸೆಕೆಂಡಿನವರೆಗೆ ಎತ್ತಿಕೊಳ್ಳದೇ ಇದ್ದರೆ, ವಿಂಡೋಸ್ ಅದರ ಕಿಟಕಿಯನ್ನು ಮರೆಮಾಡಿ, ಅದೇ ಚಿತ್ರದ ಒಂದು ನೆರಳು ಕಿಟಕಿಯನ್ನು ಮುಂದಿಟ್ಟು, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರೆಯುತ್ತದೆ. ಪರದೆ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ. ಹಿಂದೆ ನಿಜವಾದ ತಂತ್ರಾಂಶ ಬಹುಮಟ್ಟಿಗೆ ಬದುಕಿಯೇ ಇರುತ್ತದೆ. ಡಿಸ್ಕಿನಿಂದ ಬರಬೇಕಾದ ಕಡತಕ್ಕೋ, ಪ್ರಿಂಟರಿನ ಉತ್ತರಕ್ಕೋ, ದೂರದ ಸರ್ವರಿಗೋ ಅದು ಕಾಯುತ್ತಿರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಇದು ಕೆಟ್ಟಿದೆಯೇ’ ಎಂಬುದಕ್ಕಿಂತ ‘ಇದು ಯಾರಿಗಾಗಿ ಕಾಯುತ್ತಿದೆ’ ಎಂಬುದು. ಫಾರ್ಮ್ಯಾಟಿನ ಹತ್ತಿರ ಈ ಪ್ರಶ್ನೆಗೆ ಉತ್ತರವಿಲ್ಲ.

ಹೆಚ್ಚಿನ ಸಲ ಅದು ಡಿಸ್ಕಿಗಾಗಿ ಕಾಯುತ್ತಿರುತ್ತದೆ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90 ಸುತ್ತು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತಾದರೂ ಬೇಕು, ಅದಕ್ಕೂ ಮೊದಲು ಮುಳ್ಳು ಸರಿಯಾದ ವರ್ತುಲಕ್ಕೆ ಸರಿಯಬೇಕು. ಎರಡೂ ಸೇರಿದರೆ ಅಲ್ಲಲ್ಲಿ ಚದುರಿದ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಎತ್ತಿಕೊಡಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಈಗ ಆವೃತ್ತಿ ಬದಲಾದ ಮೊದಲ ದಿನಗಳನ್ನು ನೋಡಿ: ಹುಡುಕಾಟದ ಸೂಚಿಯನ್ನು ವಿಂಡೋಸ್ ಹೊಸದಾಗಿ ಕಟ್ಟುತ್ತಿರುತ್ತದೆ, ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಕಡತಗಳನ್ನು ತಪಾಸಣೆ ಮಾಡುತ್ತಿರುತ್ತದೆ, ಸ್ಟೋರಿನ ಆ್ಯಪ್‌ಗಳು ಒಂದರ ಹಿಂದೊಂದು ಹೊಸದಾಗುತ್ತವೆ, ಉಳಿದ ಅಪ್‌ಡೇಟುಗಳು ಇಳಿಯುತ್ತಿರುತ್ತವೆ, ಒನ್‌ಡ್ರೈವ್ ತನ್ನ ಲೆಕ್ಕ ತಾಳೆ ನೋಡುತ್ತಿರುತ್ತದೆ. ಎಲ್ಲರೂ ಕೈಚಾಚುವುದು ಆ ಒಂದೇ ಮುಳ್ಳಿಗೆ. ಒಂದೇ ನಲ್ಲಿಗೆ ಇಡೀ ಓಣಿಯ ಕೊಡಗಳು ಸಾಲುಗಟ್ಟಿದ ಹಾಗೆ. ವರ್ಡ್ ತೆರೆಯಲು ನೀವು ಒತ್ತಿದ್ದು ಆ ಸಾಲಿನ ಕೊನೆಯ ಕೊಡ. ಯಂತ್ರಕ್ಕೆ ಯಾವ ರೋಗವೂ ಇಲ್ಲ. ಕರೆಂಟು ತಪ್ಪದಂತೆ ನೋಡಿಕೊಂಡು ಒಂದು ರಾತ್ರಿ ಚಾಲೂ ಬಿಟ್ಟರೆ ಈ ಕೆಲಸಗಳಲ್ಲಿ ಬಹುಪಾಲು ಮುಗಿದು ಸಾಲು ಕರಗುತ್ತದೆ. ಫಾರ್ಮ್ಯಾಟ್ ಮಾಡಿದರೋ, ಇಷ್ಟೂ ಕೆಲಸ ಮತ್ತೆ ಮೊದಲಿನಿಂದ ಶುರು.

ಇದು ಊಹೆಯಾಗಿ ಉಳಿಯಬೇಕಿಲ್ಲ, ಕಣ್ಣಿಗೆ ಕಾಣುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ನಾಲ್ಕು ಅಂಕಣ, ನಾಲ್ಕು ಅಂಕಿ. ಸಿಪಿಯು ಶೇ 10ರಲ್ಲಿ ಆರಾಮಾಗಿದ್ದು ಡಿಸ್ಕ್ ಶೇ 100 ಮುಟ್ಟಿದ್ದರೆ ತಡೆ ಎಲ್ಲಿದೆಯೆಂದು ಬೇರೆ ಯಾರೂ ಹೇಳಬೇಕಿಲ್ಲ. ಡಿಸ್ಕ್ ಅಂಕಣದ ತಲೆಯ ಮೇಲೆ ಒಮ್ಮೆ ಒತ್ತಿದರೆ ಹೆಚ್ಚು ಎಳೆಯುತ್ತಿರುವ ತಂತ್ರಾಂಶ ಮೇಲಕ್ಕೆ ಬರುತ್ತದೆ. ಆದರೆ ಅಂಕಿಯನ್ನು ಓದುವಾಗಲೂ ವಿವೇಚನೆ ಬೇಕು. ನಾಲ್ಕು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಮೆಮೊರಿ ಶೇ 90 ದಾಟಿದ್ದರೆ, ಹಿಡಿಸದ್ದನ್ನು ವಿಂಡೋಸ್ ಡಿಸ್ಕಿಗೆ ಬರೆದು ಬರೆದು ಇಡುತ್ತಿರುತ್ತದೆ. ಆಗ ಡಿಸ್ಕಿನ ಶೇ 100 ಬರೀ ಲಕ್ಷಣ, ಮೂಲ ಇರುವುದು ಮೆಮೊರಿಯಲ್ಲಿ. ವಿಂಡೋಸ್ 11ಕ್ಕೆ ಕನಿಷ್ಠ ನಾಲ್ಕು ಜಿಬಿ ಸಾಕೆಂದು ಕಂಪನಿ ಹೇಳುತ್ತದೆ. ಆ ಕನಿಷ್ಠದಲ್ಲಿ ವಿಂಡೋಸ್ ಏಳುತ್ತದೆ ನಿಜ, ಬ್ರೌಸರಿನಲ್ಲಿ ಎಂಟು ಪುಟ ತೆರೆದುಕೊಂಡು ದುಡಿಯುವುದು ಕಷ್ಟ. ಅದೇ ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ‘ಅಪ್ ಟೈಮ್’ ಎಂಬ ಸಣ್ಣ ಸಾಲಿದೆ, ಯಾರೂ ನೋಡುವುದಿಲ್ಲ. ದಿನಾ ಸಂಜೆ ಶಟ್‌ಡೌನ್ ಮಾಡುವ ಯಂತ್ರದಲ್ಲೂ ಅದು ಹದಿನೈದು ದಿನ ಎಂದು ತೋರಿಸುವುದುಂಟು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟ್‌ಅಪ್’ ಚಾಲೂ ಇರುವ ಕಡೆ ಶಟ್‌ಡೌನ್ ಅಂದರೆ ಪೂರ್ತಿ ಆರಿಸುವುದಲ್ಲ. ತಿರುಳನ್ನು ಡಿಸ್ಕಿನಲ್ಲಿ ಮಲಗಿಸಿ ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಹೊಸದಾಗಿ ಎದ್ದೇಳುವುದು ರಿಸ್ಟಾರ್ಟ್ ಕೊಟ್ಟಾಗ ಮಾತ್ರ. ಆವೃತ್ತಿ ಬದಲಾದ ಮೇಲೆ ಒಮ್ಮೆಯೂ ಸರಿಯಾಗಿ ರಿಸ್ಟಾರ್ಟ್ ಕಾಣದ ಯಂತ್ರವನ್ನು ಫಾರ್ಮ್ಯಾಟಿಗೆಂದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊತ್ತೊಯ್ಯುವುದು ಎಂಥ ನಷ್ಟ!

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಫಾರ್ಮ್ಯಾಟಿನ ಬೆಲೆ ಇನ್ನೂ ಹೆಚ್ಚು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಅದಕ್ಕೂ ಮೊದಲು ಬರಹದಲ್ಲಿ, ಯೂನಿಕೋಡ್ ಹರಡುವ ಮುನ್ನಿನ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು ನಮ್ಮ ಕಚೇರಿಗಳಲ್ಲಿ ರಾಶಿ ರಾಶಿ ಇವೆ. ಆ ಕಡತದೊಳಗೆ ಇರುವುದು ನಿಜದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಕೊಡುವುದು ಆ ಅಕ್ಷರಶೈಲಿ. ಫಾರ್ಮ್ಯಾಟಿನಲ್ಲಿ ಅಕ್ಷರಶೈಲಿ ಹೋಯಿತೋ, ಗ್ರಾಮಸಭೆಯ ನಡಾವಳಿ ತೆರೆದಾಗ ಕಾಣುವುದು ತಲೆಯ ಮೇಲೆ ಸೊನ್ನೆ, ಓರೆಗೆರೆ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಮುದ್ದೆ. ಕಡತ ಕೆಟ್ಟಿತೆಂದು ಅಳಿಸಿಬಿಡುವವರೂ ಇದ್ದಾರೆ. ನಿಜವಾದ ನಷ್ಟ ಆಗುವುದು ಆಗ. ಬೆರಳ ಗುರುತು ಪಡೆಯುವ ಸಾಧನದ ಕಥೆಯೂ ಹೀಗೆಯೇ. ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನಕ್ಕೆ ‘ಆರ್‌ಡಿ ಸರ್ವಿಸ್’ ಎಂಬ ಜೊತೆಗಾರ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಬ್ರೌಸರ್ ಅದನ್ನು ಅದೇ ಕಂಪ್ಯೂಟರಿನೊಳಗಿನ ಒಂದು ಬಾಗಿಲಲ್ಲಿ ಕರೆಯುತ್ತದೆ. ಆವೃತ್ತಿ ಬದಲಾದಾಗ ಈ ಸರ್ವಿಸ್ ಏಳದೇ ಹೋದರೆ ಪುಟ ಕಾಯುತ್ತ ನಿಲ್ಲುತ್ತದೆ, ನೋಡುವವರಿಗೆ ‘ಬ್ರೌಸರ್ ಹ್ಯಾಂಗ್’. ಮದ್ದು ಆ ಸರ್ವಿಸನ್ನು ಮತ್ತೆ ಎಬ್ಬಿಸುವುದು, ಇಲ್ಲವೇ ಹೊಸ ಆವೃತ್ತಿಗೆ ತಕ್ಕ ಡ್ರೈವರ್ ಹಾಕುವುದು. ಹತ್ತು ನಿಮಿಷದ ಕೆಲಸ. ಕನ್ನಡ ಟೈಪಿಂಗ್ ಮಾತ್ರ ತಡವರಿಸುತ್ತಿದ್ದರೆ ಪರೀಕ್ಷೆ ಇನ್ನೂ ಸರಳ. ನುಡಿ, ಬರಹದಂಥ ತಂತ್ರಾಂಶಗಳು ಕೀಲಿಗೂ ವರ್ಡಿಗೂ ನಡುವೆ ಕೂತು ಪ್ರತಿ ಒತ್ತನ್ನೂ ಹಿಡಿದು ಬದಲಿಸಿ ಕಳಿಸುತ್ತವೆ. ಗಡಿಯಾರದ ಪಕ್ಕದ ಅದರ ಚಿಹ್ನೆಯಿಂದ ಅದನ್ನು ಮುಚ್ಚಿ ನಾಲ್ಕು ಇಂಗ್ಲಿಷ್ ಪದ ಟೈಪಿಸಿ ನೋಡಬೇಕು. ಸರಾಗವಾಗಿ ಮೂಡಿದರೆ ತೊಡಕು ಆ ನಡುವಿನವನದು. 2019ರಿಂದ ವಿಂಡೋಸಿನಲ್ಲೇ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಇದೆ, ಅಲ್ಲಿಯವರೆಗೆ ಅದರಲ್ಲಿ ಕೆಲಸ ಸಾಗಿಸಬಹುದು.

ನಿಧಾನ ಕಂಪ್ಯೂಟರಿನೊಳಗಿದೆಯೋ ಹೊರಗಿದೆಯೋ ಎಂಬುದೂ ಮೊದಲು ತೀರ್ಮಾನವಾಗಬೇಕು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ‘ಸರ್ವರ್ ಬಿಜಿ’ ಎಂಬ ಮಾತು ರಾಜ್ಯದ ಹಳ್ಳಿಹಳ್ಳಿಗೂ ಪರಿಚಯವಾಯಿತು. ಅಂಥ ದಿನ ಹೊಸ ವಿಂಡೋಸೂ ಬಂದಿದ್ದರೆ ಅಪವಾದ ಅದರ ತಲೆಗೆ. ಇಂಟರ್ನೆಟ್ಟಿನ ಹಂಗಿಲ್ಲದ ನೋಟ್‌ಪ್ಯಾಡನ್ನೋ ಕ್ಯಾಲ್ಕ್ಯುಲೇಟರನ್ನೋ ತೆರೆದು ನೋಡಿದರೆ ಅನುಮಾನ ಅರ್ಧ ಕಳೆಯುತ್ತದೆ. ಅವು ಪಟ್ಟನೆ ತೆರೆದು ಸೇವಾ ಸಿಂಧು ಮಾತ್ರ ಎಳೆದಾಡಿದರೆ ಯಂತ್ರ ನಿರಪರಾಧಿ.

ಇದಕ್ಕೆ ಬಲವಾದ ಆಕ್ಷೇಪವೊಂದು ಇದೆ: ‘ಏನೇ ಹೇಳಿ, ಫಾರ್ಮ್ಯಾಟ್ ಮಾಡಿದ ಮೇಲೆ ಯಂತ್ರ ಜೋರಾಗಿ ಓಡುತ್ತದಲ್ಲ?’ ಓಡುತ್ತದೆ, ಅನುಭವ ಸುಳ್ಳಲ್ಲ. ಆದರೆ ಫಾರ್ಮ್ಯಾಟ್ ಅನ್ನುವುದು ಒಂದು ಕ್ರಿಯೆಯಲ್ಲ, ಹತ್ತು ಕ್ರಿಯೆಗಳ ಗಂಟು. ತುಂಬಿದ ಸಿ ಡ್ರೈವ್ ಖಾಲಿಯಾಗುತ್ತದೆ, ಅವಧಿ ಮುಗಿದ ಹಳೆಯ ಆ್ಯಂಟಿವೈರಸ್ ಹೋಗುತ್ತದೆ, ಎದ್ದ ಕೂಡಲೇ ಓಡುವ ಹದಿನೆಂಟು ಸಣ್ಣ ತಂತ್ರಾಂಶಗಳು ಇಲ್ಲವಾಗುತ್ತವೆ, ಡ್ರೈವರುಗಳು ಹೊಸದಾಗುತ್ತವೆ, ನಿಜವಾದ ರಿಸ್ಟಾರ್ಟ್ ಆಗುತ್ತದೆ. ಇವುಗಳಲ್ಲಿ ಒಂದೋ ಎರಡೋ ಗುಣ ಕೊಟ್ಟಿರುತ್ತವೆ, ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ತಿಳಿಯದ ಕಾರಣ ಮೂರು ತಿಂಗಳಿಗೆ ಅದೇ ಕಸ ಮತ್ತೆ ಸೇರಿ ಅದೇ ತೊಂದರೆ ಮರಳುತ್ತದೆ, ಮತ್ತೆ ಫಾರ್ಮ್ಯಾಟ್. ಇನ್ನು ಕೆಲವು ಸಲ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರುತ್ತದೆ: ಹಿನ್ನೆಲೆಯ ಕೆಲಸ ಮುಗಿದು ತಾನೇ ಸರಿಯಾಗುವ ಹೊತ್ತಿಗೆ ಯಾರೋ ಏನೋ ಮಾಡಿರುತ್ತಾರೆ, ಕೀರ್ತಿ ಅವರಿಗೆ. ಕೊಳವೆಬಾವಿ ನೀರು ಎತ್ತಲಿಲ್ಲವೆಂದು ಯಾವ ರೈತನೂ ಮೊದಲು ಪಂಪನ್ನೇ ಮೇಲೆತ್ತಿಸುವುದಿಲ್ಲ. ಮೂರು ಫೇಸೂ ಬರುತ್ತಿದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ, ಯಾಕೆಂದರೆ ಪಂಪ್ ಎತ್ತಿಸುವ ಖರ್ಚು ಅವನಿಗೆ ಗೊತ್ತು. ಫಾರ್ಮ್ಯಾಟಿನ ಖರ್ಚು ನಮಗೆ ಕಾಣುವುದಿಲ್ಲ, ಹಾಗಾಗಿ ಅದು ಅಗ್ಗವೆನಿಸುತ್ತದೆ.

ತೊಂದರೆ ಹೊಸ ಆವೃತ್ತಿಯದೇ ಆಗಿದ್ದರಂತೂ ಫಾರ್ಮ್ಯಾಟಿನಿಂದ ಏನೂ ಆಗದು ಎಂಬುದಕ್ಕೆ 2021ರ ಉದಾಹರಣೆ ಸಾಕು. ಆ ವರ್ಷದ ಅಕ್ಟೋಬರ್ 5ರಂದು ವಿಂಡೋಸ್ 11 ಬಿಡುಗಡೆಯಾಯಿತು. ಎಎಂಡಿಯ ರೈಜನ್ ಪ್ರೊಸೆಸರುಗಳಲ್ಲಿ ಎಲ್3 ಎಂಬ ಒಳ ಮೆಮೊರಿ ಉತ್ತರ ಕೊಡಲು ಸುಮಾರು ಮೂರು ಪಟ್ಟು ಹೊತ್ತು ತೆಗೆದುಕೊಳ್ಳುತ್ತಿದೆ, ಕೆಲವು ತಂತ್ರಾಂಶಗಳು ಶೇ 3ರಿಂದ 5ರಷ್ಟು, ಕೆಲವು ಆಟಗಳು ಶೇ 10ರಿಂದ 15ರಷ್ಟು ನಿಧಾನವಾಗಿವೆ ಎಂದು ಎಎಂಡಿಯೇ ಒಪ್ಪಿಕೊಂಡಿತು. ನೂರು ಸಲ ಫಾರ್ಮ್ಯಾಟ್ ಮಾಡಿ ಅದೇ ವಿಂಡೋಸ್ ಹಾಕಿದ್ದರೂ ನೂರು ಸಲವೂ ಅದೇ ದೋಷ ಬರುತ್ತಿತ್ತು. ಅದು ಸರಿಹೋದದ್ದು ಅದೇ ತಿಂಗಳ 21ರಂದು ಬಂದ ಅಪ್‌ಡೇಟ್ ಮತ್ತು ಎಎಂಡಿಯ ಹೊಸ ಡ್ರೈವರಿನಿಂದ. ನನ್ನ ವಾದಕ್ಕೆ ಇದರಲ್ಲಿ ಇನ್ನೂ ಮುಖ್ಯವಾದದ್ದೊಂದಿದೆ. ‘ದೋಷ ಮಾಡುವುದು ಕಂಪನಿ, ಅಳೆದು ನೋಡುವ ಹೊರೆ ಬಳಸುವವರ ಮೇಲೇಕೆ’ ಎಂದು ಕೇಳುವವರ ಸಿಟ್ಟು ನ್ಯಾಯವಾದದ್ದು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ಆವೃತ್ತಿ ಕೆಲವರ ಕಡತಗಳನ್ನೇ ಅಳಿಸಿಹಾಕಿ, ಮೈಕ್ರೋಸಾಫ್ಟ್ ಅದನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು. ಹೊಣೆ ಕಂಪನಿಯದೇ, ಸಂಶಯವಿಲ್ಲ. ಆದರೆ ‘ಸ್ಲೋ ಆಗೇದ’ ಎಂಬ ದೂರಿಗೆ ಯಾವ ಕಂಪನಿಯೂ ಉತ್ತರಿಸಬೇಕಾಗಿ ಬರುವುದಿಲ್ಲ. ‘ಇಂಥ ಆವೃತ್ತಿ ಬಂದ ದಿನದಿಂದ ಇಂಥ ಭಾಗ ಇಷ್ಟು ಪಟ್ಟು ನಿಧಾನ’ ಎಂದು ಅಳತೆ ಮುಂದಿಟ್ಟಾಗ ಎರಡೇ ವಾರದಲ್ಲಿ ತೇಪೆ ಬಂತು. ಸಾಕ್ಷಿ ಅಳಿಸಿದವರ ಕೈಯಲ್ಲಿ ದೂರು ಕೊಡಲು ಏನೂ ಉಳಿಯುವುದಿಲ್ಲ.

‘ಹಾಗಾದರೆ ಅಪ್‌ಡೇಟನ್ನೇ ಬಂದ್ ಮಾಡಿಬಿಟ್ಟರಾಯಿತು’ ಎಂಬುದು ಇನ್ನೊಂದು ಮಾತು, ಎಷ್ಟೋ ಅಂಗಡಿಗಳಲ್ಲಿ ಹಾಗೆಯೇ ಮಾಡಿಕೊಡುತ್ತಾರೆ. ಇದು ನಿಧಾನಕ್ಕಿಂತ ದೊಡ್ಡ ಅಪಾಯ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಟ್ಟಿಹಾಕಿತು. ಅದು ನುಗ್ಗಿದ ಬಿರುಕಿಗೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು, ಅವರಲ್ಲಿ ಬಹುಪಾಲು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7ರವರು. ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟುಕೊಂಡ ಕಂಪ್ಯೂಟರಿಗೆ ಇಂಥ ಸಾಹಸ ಸಲ್ಲದು. ಫಾರ್ಮ್ಯಾಟ್ ಜೊತೆಗೆ ಕಳ್ಳ ಪ್ರತಿಯ ವಿಂಡೋಸ್ ಹಾಕಿ, ಅದರ ‘ಆ್ಯಕ್ಟಿವೇಟರ್’ ಓಡಲೆಂದು ಡಿಫೆಂಡರನ್ನೇ ಆರಿಸಿ ಕೊಡುವ ರೂಢಿಯಂತೂ ಬಾಗಿಲು ತೆಗೆದಿಟ್ಟು ಬೀಗ ಮಾರಿದಂತೆ.

ಹೊಸ ಯಂತ್ರ ಕೊಳ್ಳಿ ಎನ್ನುವವರಿಗೂ ಉತ್ತರ ಅಳತೆಯಲ್ಲೇ ಇದೆ. ಡಿಸ್ಕೇ ತಡೆ ಎಂದು ಖಚಿತವಾದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಸಾಕು. ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ಹಳೆಯದು ಮತ್ತೆ ಮೈಕೊಡವಿ ಏಳುತ್ತದೆ. ಮೆಮೊರಿಯೇ ತಡೆಯಾದರೆ ರ‍್ಯಾಮ್. ‘ಡಿವೈಸ್ ಮ್ಯಾನೇಜರ್’ನಲ್ಲಿ ಗ್ರಾಫಿಕ್ಸ್ ಹೆಸರಿನ ಬದಲು ‘ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಾಸೂ ಖರ್ಚಿಲ್ಲ, ಸರಿಯಾದ ಡ್ರೈವರ್ ಸಾಕು. ವಿಂಡೋಸ್ 11ನ್ನು ತಾಳಲಾರದ ಯಂತ್ರಕ್ಕೆ ಲಿನಕ್ಸ್ ಇದೆ. ಕೇರಳದ ಶಾಲೆಗಳು, ಅವುಗಳೊಡನೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ, ವರ್ಷಗಳಿಂದ ಅದರ ಮೇಲೆಯೇ ಪಾಠ ನಡೆಸುತ್ತಿವೆ. ನಮ್ಮ ಹಳ್ಳಿಯ ಶಾಲೆಯ ಕಂಪ್ಯೂಟರಿಗೆ ಇದು ಒಳ್ಳೆಯ ದಾರಿ. ಬೆರಳಚ್ಚಿನ ಸಾಧನ ಜೋಡಿಸಿ ದುಡಿಯುವ ಸೇವಾ ಕೇಂದ್ರಕ್ಕೆ, ಆ ಸಾಧನದ ತಂತ್ರಾಂಶ ಲಿನಕ್ಸಿಗೆ ದೊರೆಯುವುದೆಂದು ನೋಡಿಕೊಂಡೇ ಹೆಜ್ಜೆ ಇಡಬೇಕು.

ಇಷ್ಟೆಲ್ಲ ನೋಡಲು ಇಂಗ್ಲಿಷ್ ಬೇಕಲ್ಲ, ಹಳ್ಳಿಯ ಆಪರೇಟರಿಗೆ ಇದು ಹೇಗೆ ಸಾಧ್ಯ ಎನ್ನುವವರು ಹಳ್ಳಿಯವರನ್ನು ಕಡಿಮೆ ಅಂದಾಜು ಮಾಡುತ್ತಾರೆ. ಭೂಮಿ ಯೋಜನೆಯಲ್ಲಿ ಉತಾರ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಅಂದಿನಿಂದ ಸರ್ವೆ ನಂಬರು, ಹಿಸ್ಸಾ, ಮ್ಯುಟೇಶನ್ನಿನ ಗೋಜಲನ್ನು ಪರದೆಯ ಮೇಲೆ ಬಿಡಿಸುತ್ತ ಬಂದವರಿಗೆ ನಾಲ್ಕು ಅಂಕಿ ಹೆಚ್ಚಲ್ಲ. ಕೌಂಟರಿನ ಪಕ್ಕ ಒಂದು ನೋಟ್‌ಪುಸ್ತಕ ಇದ್ದರೆ ಸಾಕು: ಆವೃತ್ತಿ ಬದಲಾದ ತಾರೀಖು, ಮೊದಲಿನ ನಾಲ್ಕು ಅಂಕಿ, ಆಮೇಲಿನ ನಾಲ್ಕು ಅಂಕಿ, ಯಾವ ತಂತ್ರಾಂಶ ಎಷ್ಟು ಹೊತ್ತಿಗೆ ನಿಂತಿತು. ವಿಂಡೋಸ್ ತಾನೂ ಇಂಥದ್ದೊಂದು ದಿನಚರಿ ಇಡುತ್ತದೆ, ‘ರಿಲಯಬಿಲಿಟಿ’ ಎಂದು ಹುಡುಕಿದರೆ ಯಾವ ದಿನ ಯಾವುದು ಕೈಕೊಟ್ಟಿತೆಂದು ಕೆಂಪು ಗುರುತಿನೊಡನೆ ತೋರಿಸುತ್ತದೆ. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಈ ದಿನಚರಿ ಖಾಲಿ.

ಫಾರ್ಮ್ಯಾಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ವೈರಸ್ ಒಳಹೊಕ್ಕಾಗ, ವಿಂಡೋಸಿನ ಕಡತಗಳೇ ಹರಿದುಹೋಗಿ ದುರಸ್ತಿಗೆ ಬಗ್ಗದಾಗ ಅದೇ ದಾರಿ. ಆದರೆ ಡಿಸ್ಕ್ ಸಾಯುತ್ತಿದ್ದರೆ ಅದಕ್ಕೂ ಅರ್ಥವಿಲ್ಲ, ಕಡತ ಉಳಿಸಿಕೊಂಡು ಡಿಸ್ಕನ್ನೇ ಬದಲಿಸಬೇಕು. ಮತ್ತೊಂದು ಸಂಗತಿ ಇಲ್ಲಿ ನಿರ್ಣಾಯಕ. ಆವೃತ್ತಿ ಮೇಲೇರಿದ ಮೊದಲ ಹತ್ತು ದಿನ ವಿಂಡೋಸ್ ಹಳೆಯದನ್ನು ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಕಾಪಿಟ್ಟಿರುತ್ತದೆ; ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ‘ಗೋ ಬ್ಯಾಕ್’ ಒತ್ತಿದರೆ ಕಡತಗಳು ಇದ್ದಲ್ಲೇ ಇದ್ದು ಹಿಂದಿನ ಆವೃತ್ತಿ ಮರಳುತ್ತದೆ. ಹನ್ನೊಂದನೆಯ ದಿನ ಆ ದಾರಿ ಮುಚ್ಚುತ್ತದೆ, ಫಾರ್ಮ್ಯಾಟ್ ಅದನ್ನು ಮೊದಲ ದಿನವೇ ಮುಚ್ಚುತ್ತದೆ. ದೊಡ್ಡ ಸಂಸ್ಥೆಗಳು ಹೊಸ ಆವೃತ್ತಿಯನ್ನು ಮೊದಲು ಕೆಲವೇ ಯಂತ್ರಗಳಿಗೆ ಹಾಕಿ ನೋಡಿ ಆಮೇಲೆ ಉಳಿದವಕ್ಕೆ ಹರಡುವುದು, ತೊಂದರೆ ಇದ್ದರೆ ಅದು ಆ ಕೆಲವೇ ಯಂತ್ರಗಳಲ್ಲಿ ಮೊದಲೇ ಕಾಣಲೆಂದು. ಇರುವುದೇ ಒಂದು ಯಂತ್ರವಾದ ಊರು ಅದನ್ನು ಮಾಡಲಾರದು, ತಾಲ್ಲೂಕು ಮಾಡಬಹುದು. ಕಲಘಟಗಿಯಲ್ಲಿ ಒಂದು ಕಂಪ್ಯೂಟರಿಗೆ ಬೆರಳಚ್ಚಿನ ಸಾಧನ, ನುಡಿ, ಪ್ರಿಂಟರ್ ಎಲ್ಲ ಜೋಡಿಸಿ, ಹೊಸ ಆವೃತ್ತಿ ಹಾಕಿ, ಹತ್ತು ದಿನ ನಿಜವಾದ ಅರ್ಜಿಗಳನ್ನೇ ಅದರಲ್ಲಿ ತುಂಬಿ ನೋಡಲಿ. ಹಳ್ಳಿಯ ಯಂತ್ರಗಳ ಸರದಿ ಅದಾದ ಮೇಲೆ ಬರಲಿ, ಅದೂ ಬೆಳೆ ವಿಮೆಯ ಕೊನೆಯ ದಿನ ದಾಟಿದ ವಾರದಲ್ಲಿ.